ಸ್ಟೀರಿಂಗ್ ಹಿಡಿಯುವ ಮುನ್ನ ಒಂದು ಹನಿ

ಬಸ್ ಸಂಸ್ಥೆಯ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಡಿಪೋದ ಸೂಚನಾ ಫಲಕದಲ್ಲಿ ನನ್ನ ಭಾವನ ಫೋಟೊ ಇನ್ನೂ ಹಾಗೇ ಇದೆ. ಅದರ ಕೆಳಗೆ ‘ಸಕ್ಕರೆ ನಿಯಂತ್ರಣದಲ್ಲಿ ಈ ತಿಂಗಳ ಮಾದರಿ ಚಾಲಕ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಅದೇ ಫಲಕದ ಇನ್ನೊಂದು ಮೂಲೆಯಲ್ಲಿ, ಅದೇ ಭಾವನನ್ನು ಚಾಲನೆಗೆ ಅನರ್ಹನೆಂದು ಕೆಲಸದಿಂದ ದೂರವಿಟ್ಟ ನೋಟಿಸು ನೇತಾಡುತ್ತಿದೆ. ಎರಡಕ್ಕೂ ಸಹಿ ತಮ್ಮದೇ. ಎರಡೂ ಒಂದೇ ದಿನದ ಸಾಧನೆಗೆ ಸಂದ ಗೌರವ. ಬೆಳಗ್ಗೆ ಮಾಡಿದ ಸನ್ಮಾನವನ್ನು ಸಂಜೆಯೊಳಗೆ ತಿಥಿಯನ್ನಾಗಿ ಮಾರ್ಪಡಿಸುವ ಇಂಥ ದಕ್ಷತೆ ಬೇರೆ ಇಲಾಖೆಗಳಲ್ಲಿ ಕಂಡಿಲ್ಲ.

ನನ್ನ ದೂರು ಚಿಕ್ಕದು. ಸಕ್ಕರೆ ಕಾಯಿಲೆಯ ಚಾಲಕ ತಿಂಗಳಿಗೊಮ್ಮೆ ನಿಮ್ಮ ಮುಂದೆ ಬೆರಳು ಚಾಚಿದರೆ ಸಾಕು, ಮಿಕ್ಕ ದಿನ ಕೆಲಸದ ಹೊತ್ತಿನಲ್ಲಿ ಪರೀಕ್ಷೆ ಮಾಡಿಕೊಳ್ಳಕೂಡದು ಎಂದು ನೀವು ಹೊರಡಿಸಿದ ನಿಯಮ ಒಬ್ಬ ಮನುಷ್ಯನನ್ನು ಅರ್ಧ ತಿಂದು ಹಾಕಿದೆ. ಉಳಿದ ಅರ್ಧವನ್ನು ನನ್ನ ಅಕ್ಕ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದಾಳೆ. ಮುಂದಿನ ಪರೀಕ್ಷೆಯ ಸೋಮವಾರ ಬರುವ ಮುಂಚೆ ಈ ನಿಯಮ ಹೋಗಬೇಕು. ಯಾಕೆಂದು ಹೇಳುತ್ತೇನೆ. ಕಡತಗಳ ನಡುವೆ ಬಿಡುವು ಸಿಕ್ಕರೆ ಕೇಳಿಸಿಕೊಳ್ಳಿ.

ಮೊದಲು ನನ್ನ ಪರಿಚಯ. ಡಿಪೋದ ಹಿಂದಿನ ಬೀದಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ನಿಮ್ಮ ಚಾಲಕರಿಗೆ ರಸ್ತೆ ಕಾಣುವಂತೆ ಮಾಡುವುದು ನನ್ನ ಕಸುಬು. ಅಲ್ಲದೆ ನಾನೂ ಸಕ್ಕರೆ ಕಾಯಿಲೆಯವನೇ, ಎರಡನೇ ವಿಧದವನು. ಮೊದಲ ದರ್ಜೆ ಯಾವುದರಲ್ಲೂ ಸಿಗದಿದ್ದವನಿಗೆ ಕಾಯಿಲೆಯಲ್ಲಿ ಮಾತ್ರ ಹೇಗೆ ಸಿಕ್ಕೀತು?

ಕಾಯಿಲೆ ಪತ್ತೆಯಾದ ಹೊಸದರಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುವ ಗ್ಲುಕೋಮೀಟರ್ ಒಂದನ್ನು ಕೊಂಡು ತಂದೆ. ಹೊಸ ಸೈಕಲ್ ಸಿಕ್ಕ ಹುಡುಗನ ಸ್ಥಿತಿ ನನ್ನದಾಯಿತು. ಎದ್ದ ಕೂಡಲೇ ಒಂದು, ಬಿಸ್ಕತ್ತು ತಿಂದು ಒಂದು, ಮೆಟ್ಟಿಲು ಹತ್ತಿ ಒಂದು, ಇಳಿದು ಒಂದು. ಹೆಂಡತಿಯ ಜೊತೆ ಜಗಳಕ್ಕೆ ಮುಂಚೆ ಮತ್ತು ಜಗಳದ ನಂತರ ಪರೀಕ್ಷಿಸಿ, ಸೋತವನ ಸಕ್ಕರೆ ಹೆಚ್ಚಿರುತ್ತದೆಂಬ ಸಂಶೋಧನೆಯನ್ನೂ ಮಾಡಿದೆ. ಗೆದ್ದಾಗಿನ ಅಂಕಿ ಇಂದಿಗೂ ಲಭ್ಯವಿಲ್ಲ. ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು, “ಏನ್ರೀ, ಎಲ್ಲಾ ಕೆಂಪಾಗಿ ಕಾಣ್ತಿದೆ” ಎಂದಾಗ, ಗಾಜಿನ ಮೇಲೆ ನನ್ನ ಬೆರಳಿನ ರಕ್ತ ಹತ್ತಿತ್ತು.

ಹೆಂಡತಿ ಹೇಳಿದಳು: “ದಿನವಿಡೀ ಅದನ್ನೇ ಹಿಡ್ಕೊಂಡು ಕೂತಿರ್ತೀರಲ್ಲ, ನಿಮಗೆ ಬಂದಿರೋದು ಕಾಯಿಲೆನಾ ನೌಕರಿನಾ?”

ನಮ್ಮ ಬೀದಿಯ ಡಾಕ್ಟರಮ್ಮನ ಬಳಿ ನಾನೂ ಭಾವನೂ ಒಟ್ಟಿಗೆ ಹೋಗುತ್ತಿದ್ದೆವು. ಭಾವನಿಗೂ ಇದೇ ಕಾಯಿಲೆ, ನನಗಿಂತ ಹಳೆಯದು. ಆಕೆ ನನ್ನ ಬೆರಳುಗಳನ್ನು ದೀಪದ ಕೆಳಗೆ ಹಿಡಿದು ನೋಡಿ, “ಇದೇನು ಬೆರಳಾ, ಜರಡಿನಾ?” ಎಂದರು.

“ಎಚ್ಚರವಾಗಿರೋಣ ಅಂತ, ಡಾಕ್ಟ್ರೇ.”

“ಇದು ಎಚ್ಚರ ಅಲ್ಲ, ಚಪಲ. ನೀವು ತಗೊಳ್ಳೋ ಮಾತ್ರೆಗೆ ಸಕ್ಕರೆ ತೀರಾ ಕೆಳಗೆ ಬೀಳೋದು ಅಪರೂಪ. ಮೂರು ತಿಂಗಳ ಸರಾಸರಿ ತೋರಿಸೋ ರಕ್ತ ಪರೀಕ್ಷೆ ಇದೆಯಲ್ಲ, ಸದ್ಯಕ್ಕೆ ಅದು ಸಾಕು. ಜ್ವರ ಬಂದ್ರೆ, ಮಾತ್ರೆ ಬದಲಾಯಿಸಿದ್ರೆ, ಯಾಕೋ ಮೈ ಸರಿ ಇಲ್ಲ ಅನಿಸಿದ್ರೆ ಮನೇಲಿ ನೋಡ್ಕೊಳ್ಳಿ. ಮಿಕ್ಕ ದಿನ ಆ ಮಿಷನ್ನಿಗೂ ಸ್ವಲ್ಪ ಉಸಿರಾಡೋಕೆ ಬಿಡಿ.”

ಪಕ್ಕದಲ್ಲಿದ್ದ ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ನೋಡಿದ್ಯಾ ಭಾಮೈದ, ಮಿಷನ್ನಿಗೇ ನಿನ್ನಿಂದ ಸುಸ್ತಾಗಿದೆ.”

ಡಾಕ್ಟರಮ್ಮ ಅವನ ಕಡೆ ತಿರುಗಿದರು. “ನೀವು ನಗಬೇಡಿ. ನಿಮ್ಮದು ಬೇರೆ ಕಥೆ. ಅವರ ಮಾತ್ರೆ ಸಕ್ಕರೆನ ಏರೋಕೆ ಬಿಡಲ್ಲ, ಅಷ್ಟೇ. ನಿಮ್ಮ ಮಾತ್ರೆ ಹಿಡಿದು ಕೆಳಕ್ಕೆ ತಳ್ಳುತ್ತೆ. ನೀವು ಊಟ ಮಾಡಿದೀರೋ ಇಲ್ಲವೋ ಅದು ಕೇಳಲ್ಲ, ಅದರ ಪಾಡಿಗೆ ಅದು ತಳ್ತಾ ಇರುತ್ತೆ. ಅದರ ಮೇಲೆ ನೀವು ಬಸ್ಸು ಓಡಿಸ್ತೀರ. ಗಾಡಿ ಹತ್ತೋಕೆ ಮುಂಚೆ ದಿನಾ ಒಂದು ಸಲ ನೋಡ್ಕೋಬೇಕು. ದೂರದ ರೂಟಾದ್ರೆ ನಡುವೆ ನಿಲ್ಲಿಸಿದಾಗ ಇನ್ನೊಂದು ಸಲ. ಕೈ ನಡುಗಿದ್ರೆ, ಸುಮ್ಸುಮ್ನೆ ಬೆವರಿದ್ರೆ ಆಗಲೇ ಬದಿಗೆ ಹಾಕಿ ನೋಡಿ. ಕಡಿಮೆ ಇದ್ರೆ ಸಕ್ಕರೆ ತಿನ್ನಿ. ಸರಿಹೋಗೋವರೆಗೂ ಗಾಡಿ ಮುಟ್ಟಬೇಡಿ.”

“ಬಸ್ಸು ಟೈಮಿಗೆ ಬಿಡಬೇಕು, ಡಾಕ್ಟ್ರೇ.”

“ನಿಮ್ಮ ಬಸ್ಸಲ್ಲಿ ಎಷ್ಟು ಜನ ಕೂರ್ತಾರೆ?”

“ಕೂರೋದು ನಲವತ್ತು. ನಿಲ್ಲೋದಕ್ಕೆ ಲೆಕ್ಕ ಇಲ್ಲ.”

“ಅಷ್ಟೂ ಜನರ ಪರವಾಗಿ ನಾನು ಒಂದು ಹನಿ ರಕ್ತ ಕೇಳ್ತಿದೀನಿ. ಕೊಡೋಕಾಗಲ್ವಾ?”

ಭಾವ ತಲೆಯಾಡಿಸಿದ. ಆಕೆ ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟರು. ಅಕ್ಕ ಅವನಿಗೊಂದು ಮಿಷನ್ ತಂದಳು. ನನ್ನ ಅಂಗಡಿಯ ಹಳೆಯ ಕನ್ನಡಕದ ಡಬ್ಬಿಯೊಳಗೆ ಅದು ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ಮಾನ್ಯರೇ, ಎಷ್ಟು ಸಲ ಪರೀಕ್ಷೆ ಮಾಡಬೇಕು ಎಂಬ ಪ್ರಶ್ನೆಗೆ ಒಂದೇ ಕೊಠಡಿಯಲ್ಲಿ, ಒಂದೇ ಕಾಯಿಲೆಯ ಇಬ್ಬರಿಗೆ, ಎರಡು ಉತ್ತರ ಸಿಕ್ಕಿತು. ಒಬ್ಬನಿಗೆ ಸಾಕು ಮಾಡು ಎಂದರು, ಇನ್ನೊಬ್ಬನಿಗೆ ಶುರು ಮಾಡು ಎಂದರು. ಇದು ಅರ್ಥವಾಗಲು ವೈದ್ಯಶಾಸ್ತ್ರ ಓದಿರಬೇಕಿಲ್ಲ. ಎಲ್ಲರಿಗೂ ಒಂದೇ ನಂಬರಿನ ಕನ್ನಡಕ ಹಂಚಲು ಹೊರಟವನನ್ನು ಮಕ್ಕಳೂ ಹುಚ್ಚನೆನ್ನುತ್ತಾರೆ. ಆದರೆ ಆಮೇಲೆ ಆದದ್ದೇನು? ನನ್ನನ್ನು ಯಾರೂ ಕೇಳುವವರಿಲ್ಲ, ಮನಸ್ಸಾದಾಗ ಚುಚ್ಚಿಕೊಳ್ಳಬಲ್ಲೆ. ಚುಚ್ಚಿಕೊಳ್ಳಲೇಬೇಕಾದವನಿಗೆ ನಿಮ್ಮ ಅಪ್ಪಣೆ ಇಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ದೇವರನ್ನು ದೂರಿದರು. ನಮ್ಮ ಕಾಲದಲ್ಲಿ ಆ ಹಂಚಿಕೆಯ ಹೊಣೆಯನ್ನು ತಮ್ಮ ಕಚೇರಿ ವಹಿಸಿಕೊಂಡಿದೆ.

ಭಾವ ಆ ಚೀಟಿ ಹಿಡಿದು ನಿಮ್ಮ ಡಿಪೋದ ಆರೋಗ್ಯ ಕೊಠಡಿಗೆ ಹೋದ. ಕಿಟಕಿಯ ಆಚೆ ನಿಮ್ಮ ಗುಮಾಸ್ತರು. ಕೆಟ್ಟ ಮನುಷ್ಯರಲ್ಲ, ಭಾವನನ್ನು ಎಲ್ಲರಂತೆ ‘ಗಡಿಯಾರ’ ಎಂದೇ ಕರೆಯುವವರು. ಭಾವನ ಬಸ್ಸು ಹೊರಡುವುದನ್ನು ನೋಡಿ ಜನ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಗುಮಾಸ್ತರು ಚೀಟಿ ಓದಿ, ಸುತ್ತ ನೋಡಿ, ದನಿ ತಗ್ಗಿಸಿದರಂತೆ.

“ಗಡಿಯಾರಣ್ಣ, ಇದನ್ನ ನಾನು ತಗೊಂಡ್ರೆ ನಿಮ್ಮ ಹೆಸರ ಮುಂದೆ ‘ನಿಯಂತ್ರಣ ತಪ್ಪಿದೆ’ ಅಂತ ಬರೀಬೇಕು. ಬರೆದ್ರೆ ಸ್ಟೀರಿಂಗಿಂದ ಇಳಿಸ್ತಾರೆ.”

“ತಪ್ಪಿಲ್ಲವಲ್ಲಪ್ಪ. ತಪ್ಪಬಾರದು ಅಂತ ನೋಡ್ಕೊಳ್ಳೋದಕ್ಕೆ ಕೇಳ್ತಿರೋದು.”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ನಿಯಮದಲ್ಲಿ, ಹೆಚ್ಚು ಸಲ ನೋಡ್ಕೊಳ್ಳೋನು ಹೆಚ್ಚು ಕಾಯಿಲೆಯವನು. ಮಿಷನ್ ಜೇಬಲ್ಲಿ ಸಿಕ್ಕಿದ್ರೂ ಅಷ್ಟೇ. ಕೊಡ್ತೀರೋ, ಇಟ್ಕೋತೀರೋ?”

ಭಾವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಬಂದ. ಕನ್ನಡಕದ ಡಬ್ಬಿ ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಅಡಿಗೆ ಹೋಯಿತು. ಅಕ್ಕ ರೇಗಿದಳು: “ಮಿಷನ್ ತಂದಿರೋದು ನನ್ನ ಸೀರೆಗೆ ಶುಗರ್ ಇದೆಯಾ ನೋಡೋಕಾ?”

ಅವನೆಂದ: “ಇನ್ನು ನಾಲ್ಕು ವರ್ಷ ಸರ್ವೀಸಿದೆ ಕಣೇ. ಆಮೇಲೆ ದಿನವಿಡೀ ಚುಚ್ಕೊಂಡು ಕೂತ್ಕೋತೀನಿ, ನಿನ್ನ ತಮ್ಮನ ಥರ.”

ನಿಮ್ಮ ನಿಯಮದ ತರ್ಕವನ್ನು ನಾನು ಎಷ್ಟೋ ಸಲ ಕನ್ನಡಕ ಒರೆಸಿಕೊಂಡು ಓದಿದ್ದೇನೆ. ಪದೇಪದೇ ಕನ್ನಡಿ ನೋಡುವ ಚಾಲಕನಿಗೆ ಹಿಂದೇನೋ ಅಪಘಾತವಾಗಿರಬೇಕು, ಆದ್ದರಿಂದ ಕನ್ನಡಿ ಕಿತ್ತುಹಾಕಿ ಎಂದಂತಿದೆ. ಬಸ್ಸಿನ ಡೀಸೆಲ್ ಮುಳ್ಳನ್ನು ದಿನಕ್ಕೆ ನೂರು ಸಲ ನೋಡಲು ಅಪ್ಪಣೆಯುಂಟು, ಅದನ್ನು ಓಡಿಸುವವನ ಮೈಯಲ್ಲಿ ಎಷ್ಟಿದೆ ಎಂದು ನೋಡಲು ಮಾತ್ರ ಇಲ್ಲ. ಬಸ್ಸು ಸಂಸ್ಥೆಯ ಆಸ್ತಿ, ಚಾಲಕ ಅವನ ಹೆಂಡತಿಯ ಆಸ್ತಿ ಎಂಬ ಲೆಕ್ಕವಿರಬಹುದು.

ಇನ್ನು ನಿಮ್ಮ ತಿಂಗಳ ಪರೀಕ್ಷೆ. ಮೊದಲ ಸೋಮವಾರ, ಬೆಳಗ್ಗೆ, ಬರೀ ಹೊಟ್ಟೆಯಲ್ಲಿ. ಅಂಕಿ ಹೆಚ್ಚು ಬಂದರೆ ಸ್ಟೀರಿಂಗಿನಿಂದ ಕೆಳಗೆ. ಕಡಿಮೆ ಬಂದಷ್ಟೂ ಬಹುಮಾನ. ದಿನಾಂಕ ಮೊದಲೇ ತಿಳಿಸಿ, ಪ್ರಶ್ನೆಪತ್ರಿಕೆಯನ್ನೂ ಮೊದಲೇ ಕೊಟ್ಟು, ಫೇಲಾದವನ ಅನ್ನ ಕಿತ್ತುಕೊಳ್ಳುತ್ತೇನೆಂದರೆ ಯಾವ ವಿದ್ಯಾರ್ಥಿ ಪ್ರಾಮಾಣಿಕನಾಗಿ ಉಳಿದಾನು? ನಿಮ್ಮ ಡಿಪೋದಲ್ಲಿ ಇದಕ್ಕೆ ಟ್ಯೂಷನ್ ನಡೆಯುತ್ತದೆ. ಹೇಳಿಕೊಡುವ ಹಿರಿಯ ಚಾಲಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ನನ್ನ ಅಂಗಡಿಯ ಬೆಂಚಿನ ಮೇಲೆಯೇ ಕೂತು ಅವರು ಪಾಠ ಮಾಡಿದ್ದನ್ನು ಕೇಳಿದ್ದೇನೆ.

“ಭಾನುವಾರ ಮಧ್ಯಾಹ್ನ ಆದ ಮೇಲೆ ಬಾಯಿಗೆ ಬೀಗ. ಸಂಜೆ ಡಿಪೋ ಗೋಡೆ ಸುತ್ತ ಕಾಲು ಸೋಲೋವರೆಗೂ ಸುತ್ತು. ಅಷ್ಟಕ್ಕೂ ಧೈರ್ಯ ಸಾಲದಿದ್ರೆ ರಾತ್ರಿ ಇನ್ನೊಂದು ಮಾತ್ರೆ ಹಾಕ್ಕೊಂಡು ಮಲಗು. ಮಾತ್ರೆ ತಾನೆ, ವಿಷ ಅಲ್ವಲ್ಲ.”

ಕೇಳಿದವರೆಲ್ಲ ನಕ್ಕರು. ಭಾವನೂ ನಕ್ಕ. ವರ್ಷಗಟ್ಟಲೆ ರಸ್ತೆಯ ಮೇಲೆ ಒಂದು ನಾಯಿಗೂ ತಗುಲಿಸದ ಮನುಷ್ಯರು, ಶಾಲೆಯ ಹುಡುಗರಂತೆ ಪಾಸಾಗುವ ಉಪಾಯ ಹೇಳಿಕೊಂಡು ನಗುತ್ತಿದ್ದರು.

ಆ ಭಾನುವಾರ ಸಂಜೆ ಅಕ್ಕ ತಟ್ಟೆ ಹಾಕಿ ಕರೆದಳಂತೆ. “ನಾಳೆ ಪರೀಕ್ಷೆ” ಎಂದನಂತೆ. “ಮಗಳದ್ದೇ ಓದು ಮುಗೀತು, ನಿಮ್ಮದು ಯಾವಾಗ ಮುಗಿಯುತ್ತೋ” ಎಂದು ಬೈದು ತಟ್ಟೆ ಎತ್ತಿಟ್ಟಳು. ಅವನು ಹೆಚ್ಚಿಗೆ ನುಂಗಿದ ಮಾತ್ರೆ ಅವಳಿಗೆ ತಿಳಿದದ್ದು ಆಮೇಲೆ, ಮಾತ್ರೆಯ ಹಾಳೆಯಲ್ಲಿ ಒಂದು ಗುಳ್ಳೆ ಹೆಚ್ಚು ಒಡೆದಿದ್ದನ್ನು ನೋಡಿದಾಗ.

ಸೋಮವಾರ ಬೆಳಗ್ಗೆ ನಿಮ್ಮ ಕೊಠಡಿಯಲ್ಲಿ ಭಾವನ ಅಂಕಿ ಎಪ್ಪತ್ತನಾಲ್ಕು ಬಂತು. ಇಡೀ ಡಿಪೋದಲ್ಲಿ ಅಷ್ಟು ಕಡಿಮೆ ಬೇರೆ ಯಾರದೂ ಇರಲಿಲ್ಲ. ನಿಮ್ಮವರು ಚಪ್ಪಾಳೆ ತಟ್ಟಿದರು. ಗೋಡೆಗೆ ಒರಗಿಸಿ ನಿಲ್ಲಿಸಿ ಫೋಟೊ ತೆಗೆದರು. ಫೋಟೊ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ತೆಗೆದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಗಡಿಯಾರ ತಡವಾಗಿ ಹೊರಡುವುದುಂಟೆ? ತಿಂಡಿಯ ಡಬ್ಬಿಯನ್ನು ಸೀಟಿನ ಪಕ್ಕ ಇಟ್ಟ, ಬೆಳಗಿನ ಮಾತ್ರೆಯನ್ನು ಎಂದಿನಂತೆ ನೀರಿನಲ್ಲಿ ನುಂಗಿದ, ಮುಂದಿನ ನಿಲ್ದಾಣದಲ್ಲಿ ತಿಂದರಾಯಿತು ಎಂದು ಗಾಡಿ ಎತ್ತಿದ.

ನಿಮ್ಮ ಫಲಕದಲ್ಲಿರುವ ಆ ಫೋಟೊವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಣೆ ಮಿನುಗುತ್ತಿದೆ. ನಿಮ್ಮವರು ಅದನ್ನು ಸಂತೋಷದ ಕಳೆ ಎಂದುಕೊಂಡಿರಬೇಕು. ಅದು ಬೆವರು. ಆ ಬೆಳಗ್ಗೆ ಚಳಿಯಿತ್ತು. ಫೋಟೊದಲ್ಲಿ ಪಕ್ಕದಲ್ಲಿ ನಿಂತವರೆಲ್ಲ ಸ್ವೆಟರಿನಲ್ಲಿದ್ದಾರೆ. ಮಾದರಿ ಚಾಲಕನೊಬ್ಬನೇ ಬೆವರುತ್ತಿದ್ದಾನೆ. ಸಕ್ಕರೆ ಕೆಳಗಿಳಿಯುತ್ತಿರುವ ಮನುಷ್ಯನ ಚಿತ್ರ ಹೀಗಿರುತ್ತದೆಂದು ವೈದ್ಯ ವಿದ್ಯಾರ್ಥಿಗಳಿಗೆ ತೋರಿಸಲು ಒಳ್ಳೆಯ ಚಿತ್ರ ಬೇಕಿದ್ದರೆ, ತಮ್ಮ ಸೂಚನಾ ಫಲಕದಲ್ಲಿ ಲಭ್ಯ.

ಡಾಕ್ಟರಮ್ಮನಿಗೆ ಆ ಅಂಕಿ ಹೇಳಿದಾಗ ಆಕೆ, “ಆ ಮಾತ್ರೆ ತಗೊಳ್ಳೋರು, ಗಾಡಿ ಓಡಿಸೋಕೆ ಹೊರಟಿರೋರು, ಅಂಥವರಿಗೆ ಆ ಅಂಕಿ ಬಂದ್ರೆ ನಾನು ಕೂರಿಸಿ ತಿನ್ನಿಸ್ತಿದ್ದೆ. ಇವರು ನಿಲ್ಲಿಸಿ ಫೋಟೊ ತೆಗೆದಿದಾರೆ” ಎಂದರು.

ಮುಂದಿನದನ್ನು ಭಾವನ ಬಸ್ಸಿನ ಕಂಡಕ್ಟರಮ್ಮ ಹೇಳಿದ್ದಾಳೆ. ವಿಚಾರಣೆಯಲ್ಲಿ ನಿಮಗೂ ಹೇಳಿದ್ದಾಳೆ, ನೀವು ಅರ್ಧಕ್ಕೇ ‘ಸಾಕು’ ಎಂದಿರಿ. ಪೂರ್ತಿ ಇಲ್ಲಿದೆ.

“ಒಂದು ಸ್ಟಾಪು ನಿಲ್ಲಿಸ್ದೆ ಹೋದ್ರು. ಅಣ್ಣ ಹಾಗೆ ಮಾಡೋರೇ ಅಲ್ಲ. ‘ಅಣ್ಣಾ, ಸ್ಟಾಪು’ ಅಂದೆ. ತಿರುಗಿ ನೋಡಿ ನಕ್ಕರು. ಆ ನಗು ಅವರದಲ್ಲ. ಆಮೇಲೆ ನಿಧಾನಕ್ಕೆ ಬದಿಗೆ ತಗೊಂಡ್ರು. ಹ್ಯಾಂಡ್ ಬ್ರೇಕ್ ಎಳೆದ್ರು, ಬಾಗಿಲು ತೆಗೆದ್ರು. ಅಷ್ಟೂ ಸರಿಯಾಗಿ ಮಾಡಿ, ಸ್ಟೀರಿಂಗ್ ಮೇಲೆ ತಲೆ ಇಟ್ರು. ಹಾರನ್ನು ಹೊಡ್ಕೊಳ್ತಾನೇ ಇತ್ತು.”

ಬಸ್ಸು ನಿಂತದ್ದು ಒಂದು ಚಹಾದ ಅಂಗಡಿಯ ಎದುರು. ಒಳಗಿದ್ದವರು ಒಂದೊಂದು ತೀರ್ಪು ಕೊಡುತ್ತ ಇಳಿದರು. “ಬೆಳಬೆಳಗ್ಗೆನೇ ಏರಿಸ್ಕೊಂಡು ಬಂದಿದಾನೆ.” “ಇಂಥವರ ಕೈಗೆ ಬಸ್ಸು ಕೊಡ್ತಾರಲ್ಲ, ಅವರನ್ನ ಅನ್ನಬೇಕು.” ಭಾವ ತಲೆಯೆತ್ತಿ ಏನೋ ಹೇಳಲು ನೋಡಿದ. ನಾಲಿಗೆ ಹೊರಳಲಿಲ್ಲ. ಅದನ್ನು ಕಂಡು ಅನುಮಾನವಿದ್ದವರಿಗೂ ಖಾತ್ರಿಯಾಯಿತು. ಕೆಲವರು ಮೊಬೈಲು ತೆಗೆದು ಚಿತ್ರೀಕರಿಸಿದರು. ‘ಕುಡುಕ ಚಾಲಕ’ ಎಂಬ ಹೆಸರಿನಲ್ಲಿ ಆ ಚಿತ್ರ ಊರೆಲ್ಲ ಓಡಾಡಿ, ನನ್ನ ಅಕ್ಕನ ಮೊಬೈಲಿಗೂ ಬಂತು. ಕಂಡಕ್ಟರಮ್ಮ ಒಬ್ಬಳೇ “ಅಣ್ಣ ಕುಡಿಯಲ್ಲ, ಅಣ್ಣ ಕುಡಿಯಲ್ಲ” ಎಂದು ಕೂಗುತ್ತಿದ್ದಳು. ಆದರೆ ಏನಾಗಿದೆಯೆಂದು ಅವಳಿಗೂ ತಿಳಿಯದು. ಸಕ್ಕರೆ ಹೀಗೆ ಕುಸಿಯಬಹುದೆಂದು ಡಾಕ್ಟರಮ್ಮ ಎಚ್ಚರಿಸಿದ್ದನ್ನು ಭಾವ ಅವಳಿಗೂ ಹೇಳಿರಲಿಲ್ಲ. ಹೇಳಿದರೆ ಬಾಯಿಂದ ಬಾಯಿಗೆ ಹೋಗಿ ನಿಮ್ಮ ಕಿವಿಗೆ ಬೀಳುತ್ತದಲ್ಲ.

ಚಹಾದ ಅಂಗಡಿಯವನು ಸೌಟು ಹಿಡಿದು ಹೊರಗೆ ಬಂದು ನೋಡುತ್ತಿದ್ದ. ಅವನ ಹಿಂದೆ, ಒಲೆಯ ಪಕ್ಕ, ಡಬ್ಬಿಯ ತುಂಬ ಸಕ್ಕರೆ.

ಅಷ್ಟೇ ಬೇಕಿದ್ದದ್ದು. ಒಂದು ಮುಷ್ಟಿ, ಬೇಗ, ಅವನಿನ್ನೂ ನುಂಗಬಲ್ಲವನಾಗಿದ್ದ ಹೊತ್ತಿನಲ್ಲಿ. ಒಂದು ಹನಿ ರಕ್ತ ಯಾವುದಾದರೊಂದು ಮಿಷನ್ನಿನ ಬಾಯಿಗೆ ಬಿದ್ದಿದ್ದರೆ ಅದು ಯಾರಿಗಾದರೂ ಹೊಳೆಯುತ್ತಿತ್ತು. ಮಿಷನ್ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿತ್ತು.

ಮಿಷನ್ ಬರಲೇ ಇಲ್ಲವೆಂದಲ್ಲ. ನಿಮ್ಮ ಮೇಲ್ವಿಚಾರಕರು ಜೀಪಿನಲ್ಲಿ ಒಂದನ್ನು ತಂದರು. ಅದು ಉಸಿರಿನಲ್ಲಿ ಹೆಂಡ ಹುಡುಕುವ ಮಿಷನ್. “ಊದು” ಎಂದರು. ಕೂರಲಾಗದವನನ್ನು ಇಬ್ಬರು ಹಿಡಿದುಕೊಂಡು ಊದಿಸಿದರು. ಸೊನ್ನೆ ಬಂತು. “ಸರಿಯಾಗಿ ಊದು” ಎಂದರು. ಮತ್ತೂ ಸೊನ್ನೆ. ಮೇಲ್ವಿಚಾರಕರು ಮಿಷನ್ನನ್ನು ಅಂಗೈಗೆ ಬಡಿದು, “ಇದು ಕೆಟ್ಟಿದೆ” ಎಂದರು. ಚಾಲಕ ಸುಳ್ಳು ಹೇಳಬಹುದು, ಮಿಷನ್ ಕೆಡಬಹುದು. ಅನುಮಾನ ಮಾತ್ರ ತಪ್ಪಾಗಲಾರದು.

ಜೀಪಿನಲ್ಲಿ ಕರೆದೊಯ್ಯುವಾಗ ಅವನಿಗೆ ಸೆಳವು ಬಂತು. ದಾರಿಯಲ್ಲಿ ಸಿಕ್ಕ ಸಣ್ಣ ಆಸ್ಪತ್ರೆಯವರು ಬಂದವರಿಗೆಲ್ಲ ಹಾಕುವಂತೆ ಅವನಿಗೂ ಗ್ಲುಕೋಸ್ ಬಾಟಲಿ ಹಾಕಿದರು. ರಕ್ತ ತೆಗೆದದ್ದು ಆಮೇಲೆ. ಆಗ ಸಕ್ಕರೆ ಹೆಚ್ಚೇ ಇತ್ತು. ಇರದೆ ಏನು, ಬಾಟಲಿಯಲ್ಲಿ ಇದ್ದದ್ದೇ ಅದು. ಜೀವ ಉಳಿಯಿತು. ಆದರೆ ಸಕ್ಕರೆಯಿಲ್ಲದೆ ಅಷ್ಟು ಹೊತ್ತು ಉಪವಾಸವಿದ್ದ ಮೆದುಳು ತನ್ನಲ್ಲಿದ್ದ ಕೆಲವನ್ನು ತಾನೇ ತಿಂದುಕೊಂಡಿತ್ತು.

ಇನ್ನು ತಮ್ಮ ವಿಚಾರಣೆ. ಉದ್ದ ಮೇಜು, ಆಚೆ ಮೂವರು, ನಡುವೆ ತಾವು. ಈಚೆ ನಾನು ಮತ್ತು ಅಕ್ಕ. ನಿಮ್ಮ ಮುಂದೆ ಚಹಾ ಬಂತು. ತಾವು ಸಕ್ಕರೆ ಬೇಡವೆಂದಿರಿ. ಆಮೇಲೆ ಕೇಳಿದಿರಿ: “ಸಕ್ಕರೆ ಇಳಿದದ್ದರಿಂದ ಹೀಗಾಯಿತು ಎನ್ನುತ್ತೀರಿ. ಆ ಹೊತ್ತಿನಲ್ಲಿ ಅವರ ಸಕ್ಕರೆ ಎಷ್ಟಿತ್ತು? ದಾಖಲೆ ಇದೆಯೇ?”

ಅಕ್ಕ ಎದ್ದು ನಿಂತಳು. ಜೋರಾಗಿ ಮಾತಾಡಿ ರೂಢಿಯಿಲ್ಲದವಳು. “ನೋಡ್ಕೊಳ್ಳೋಕೆ ನೀವು ಬಿಟ್ರಾ ಸಾರ್?”

ತಾವು ಪಕ್ಕದವರಿಗೆ ‘ದಾಖಲೆ ಇಲ್ಲ’ ಎಂದು ಬರೆಸಿದಿರಿ.

ಕಣ್ಣು ಕಟ್ಟಿದವರೇ ಬಂದು ‘ನೀನು ಏನು ಕಂಡೆ, ಹೇಳು’ ಎಂದು ಕೇಳಿದರೆ ಕುರುಡನಾದವನು ಏನು ಹೇಳಬೇಕು? ಆ ದಿನದ ದಾಖಲೆ ತಮ್ಮಲ್ಲಿ ಇರುವುದೊಂದೇ, ಬೆಳಗಿನ ಎಪ್ಪತ್ತನಾಲ್ಕು. ಅದರ ಪ್ರಕಾರ ಅವನು ಅತ್ಯುತ್ತಮ ಆರೋಗ್ಯವಂತ. ಹಾಗಾಗಿ, ಮೆದುಳಿನ ತೊಂದರೆ ಮೊದಲೇ ಇದ್ದಿರಬೇಕು, ಚಾಲಕ ಅದನ್ನು ಮುಚ್ಚಿಟ್ಟಿರಬೇಕು ಎಂದು ತೀರ್ಮಾನವಾಯಿತು. ಮುಚ್ಚಿಟ್ಟ ಎಂಬುದು ನಿಜ. ಒಂದು ಮಿಷನ್ನನ್ನು ಮುಚ್ಚಿಟ್ಟ, ಒಂದು ಚೀಟಿಯನ್ನು ಮುಚ್ಚಿಟ್ಟ. ಯಾರಿಗೆ ಹೆದರಿ ಎಂದು ಕೇಳುವ ಅಂಕಣ ನಿಮ್ಮ ನಮೂನೆಯಲ್ಲಿ ಇರಲಿಲ್ಲ.

ತಪ್ಪು ಭಾವನದೂ ಇದೆ. ಅದನ್ನು ಬಚ್ಚಿಟ್ಟು ನಿಮ್ಮೊಡನೆ ವಾದ ಮಾಡಲಾರೆ. ಊಟ ಬಿಟ್ಟ, ಮಾತ್ರೆ ಹೆಚ್ಚಿಗೆ ನುಂಗಿದ, ಡಾಕ್ಟರಮ್ಮನಿಗೆ ತಲೆಯಾಡಿಸಿ ಬಂದು ಮೇಷ್ಟ್ರ ಮಾತು ಕೇಳಿದ. ಇಂಥ ಮೂರ್ಖತನವನ್ನು ಜಗತ್ತಿನಲ್ಲಿ ಬೇರೆ ಯಾರು ಮಾಡುತ್ತಾರೆ? ನಿಮ್ಮ ಡಿಪೋದ ಚಾಲಕರು ಮಾಡುತ್ತಾರೆ, ತಿಂಗಳಿಗೊಮ್ಮೆ, ಸಾಲಾಗಿ ನಿಂತು. ಮನೆಯಲ್ಲಿ ನಾನು ಊಟ ಬಿಟ್ಟು ಮಾತ್ರೆ ನುಂಗಿದ್ದೇನೆಯೆ? ನನಗೆ ಯಾರೂ ಅಂಕ ಕೊಡುವುದಿಲ್ಲವಾದ್ದರಿಂದ ಆ ಬುದ್ಧಿ ಬರಲಿಲ್ಲ.

ಈಗ ಮನೆಗೆ ಬನ್ನಿ. ಭಾವ ನಮ್ಮೆಲ್ಲರನ್ನೂ ಗುರುತಿಸುತ್ತಾನೆ. ನನ್ನನ್ನು ಭಾಮೈದ ಎಂದೇ ಕರೆಯುತ್ತಾನೆ. ಆದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದ ತನ್ನ ರೂಟಿನ ನಿಲ್ದಾಣಗಳು ಅವನ ತಲೆಯಲ್ಲಿ ಕಲಸಿಹೋಗಿವೆ. ಆಸ್ಪತ್ರೆ ಆದ ಮೇಲೆ ಶಾಲೆ ಬರಬೇಕು, ಅವನಿಗೆ ಡಿಪೋ ಬಂದುಬಿಡುತ್ತದೆ. ಅಲ್ಲಿ ತಡೆದು ನಿಲ್ಲುತ್ತಾನೆ, ಬೆರಳಿನಲ್ಲಿ ಮತ್ತೆ ಮೊದಲಿನಿಂದ ಎಣಿಸುತ್ತಾನೆ. ಬೀದಿಯಲ್ಲಿ ಹಾರನ್ ಕೇಳಿದರೆ ಬಲಗಾಲು ನೆಲವನ್ನು ಒತ್ತುತ್ತದೆ. ಆ ಕಾಲಿಗೆ ಇನ್ನೂ ಎಲ್ಲ ನೆನಪಿದೆ.

ದಿನಾ ಬೆಳಗ್ಗೆ ಕೇಳುತ್ತಾನೆ: “ಇವತ್ತು ಯಾವ ಶಿಫ್ಟು?”

ಅಕ್ಕ ಹೇಳುತ್ತಾಳೆ: “ಇವತ್ತು ವಾರದ ರಜೆ ರೀ.”

“ನಿನ್ನೇನೂ ರಜೆ ಅಂದಿದ್ದೆ.”

“ಮಾದರಿ ಚಾಲಕರಲ್ವಾ, ಅದಕ್ಕೆ ಹೆಚ್ಚಿಗೆ ಕೊಟ್ಟಿದಾರೆ.”

ಅವನು ಸಮಾಧಾನದಿಂದ ತಲೆಯಾಡಿಸುತ್ತಾನೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಡುತ್ತಾಳೆ. ಪಾತ್ರೆ ಇರುವುದಿಲ್ಲ, ನೀರು ಸುಮ್ಮನೆ ಹೋಗುತ್ತಿರುತ್ತದೆ.

ಹೋದ ವಾರ ನಿಮ್ಮ ಕಚೇರಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಪರೀಕ್ಷೆಯ ಸ್ಟ್ರಿಪ್ಪುಗಳು, ಸೂಜಿಗಳು, ಒಂದು ಹೊಸ ಮಿಷನ್. ಜೊತೆಗೆ ಒಂದು ಸಾಲು: ‘ಸದರಿಯವರು ಈಗ ಚಾಲನಾ ಕರ್ತವ್ಯದಲ್ಲಿ ಇಲ್ಲದಿರುವುದರಿಂದ, ಅಗತ್ಯವಿರುವಷ್ಟು ಸಲ ಪರೀಕ್ಷಿಸಿಕೊಳ್ಳಲು ಅಭ್ಯಂತರವಿಲ್ಲ.’ ಅಕ್ಕ ಅದನ್ನು ಓದಿಸಿಕೊಂಡು, “ಈಗ್ಯಾಕಂತೆ?” ಎಂದಳು. ಡಾಕ್ಟರಮ್ಮ ಭಾವನ ಆ ಮಾತ್ರೆಯನ್ನು ನಿಲ್ಲಿಸಿ ಆಗಲೇ ಬೇರೆ ಕೊಟ್ಟಿದ್ದಾರೆ. ನನ್ನದೇ ಮಾತ್ರೆ. ಅವನಿಗೂ ಈಗ ಮೂರು ತಿಂಗಳಿಗೊಮ್ಮೆ ಸಾಕು.

ಮೇಷ್ಟ್ರು ಮೊನ್ನೆ ನನ್ನ ಅಂಗಡಿಗೆ ಬಂದಿದ್ದರು. ಕಣ್ಣು ಒಂದು ದಿನ ಮಂಜು, ಒಂದು ದಿನ ಸ್ವಚ್ಛ, ಸಕ್ಕರೆ ಏರಿಳಿದಂತೆ ಕನ್ನಡಕದ ನಂಬರು ಕುಣಿಯುತ್ತಿದೆ. ನಂಬರು ನೋಡುವ ಕುರ್ಚಿಯಲ್ಲಿ ಕೂತವರು ಅಕ್ಷರ ಓದುವುದು ಬಿಟ್ಟು ನನ್ನತ್ತ ತಿರುಗಿದರು.

“ಗಡಿಯಾರ ಹೇಗಿದಾನೆ?”

“ಬಂದು ನೋಡಿ.”

“ಯಾವ ಮುಖ ಇಟ್ಕೊಂಡು ಬರಲಿ?” ಎಂದರು. ಕನ್ನಡಕ ತೆಗೆದು ಒರೆಸುತ್ತ, “ಈಗ ನಾನು ಹುಡುಗರಿಗೆ ಮಾತ್ರೆ ಬೇಡ ಅಂತ ಹೇಳಿದೀನಿ. ಬರೀ ಉಪವಾಸ ಸಾಕು” ಎಂದರು.

“ನಿಲ್ಲಿಸೋಕಾಗಲ್ವಾ ಮೇಷ್ಟ್ರೇ?”

“ನಿಲ್ಲಿಸಿದ್ರೆ ಅಂಕಿ ಏರುತ್ತೆ. ಏರಿದ್ರೆ ಇಳಿಸ್ತಾರೆ. ಈ ವಯಸ್ಸಲ್ಲಿ ನನಗೆ ಬೇರೆ ಏನು ಬರುತ್ತೆ, ಹೇಳು.”

ಇದು ತಮ್ಮ ಪಠ್ಯಕ್ರಮದಲ್ಲಾದ ಏಕೈಕ ಸುಧಾರಣೆ. ಮುಂದಿನ ಸೋಮವಾರ ಅವರೆಲ್ಲ ಮತ್ತೆ ಸಾಲಾಗಿ ನಿಲ್ಲುತ್ತಾರೆ, ಹಸಿದುಕೊಂಡು. ಚಪ್ಪಾಳೆ ಗಿಟ್ಟಿಸಿದವನು ಬಸ್ಸು ಹತ್ತುತ್ತಾನೆ. ಅವನ ಹಿಂದೆ ಕೂತವರಿಗೆ ಏನೂ ತಿಳಿದಿರುವುದಿಲ್ಲ. ಭಾವ ಗಾಡಿಯನ್ನು ಬದಿಗೆ ಹಾಕಿ, ಬ್ರೇಕ್ ಎಳೆದು, ಬಾಗಿಲು ತೆಗೆದು ಆಮೇಲೆ ಬಿದ್ದ. ಎಲ್ಲರಿಗೂ ಅಷ್ಟು ಪುರುಸೊತ್ತು ಸಿಗುತ್ತದೆಂಬ ನಿಯಮವನ್ನೇನಾದರೂ ತಾವು ಹೊರಡಿಸಿದ್ದೀರಾ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಎಲ್ಲರ ಬೆರಳನ್ನೂ ಜರಡಿ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನಂಥವರಿಗೆ ಅದು ಬೇಕಾಗಿಲ್ಲ. ಯಾರಿಗೆ ಎಷ್ಟು ಸಲ ಬೇಕೆಂಬುದನ್ನು ಅವರವರ ಮಾತ್ರೆ ನೋಡಿ ಅವರವರ ವೈದ್ಯರು ಹೇಳಲಿ. ಸಕ್ಕರೆಯನ್ನು ಕೆಳಕ್ಕೆ ತಳ್ಳುವ ಮಾತ್ರೆಯವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಸ್ಟೀರಿಂಗ್ ಹಿಡಿಯುವ ಮುನ್ನ ಬೆರಳು ಚುಚ್ಚಿಕೊಂಡು ನೋಡಲಿ. ಕಡಿಮೆ ಬಂದವನಿಗೆ ತಿನ್ನಲು ಹೊತ್ತು ಕೊಡಿ, ಅದಕ್ಕಾಗಿ ಸಂಬಳ ಹಿಡಿಯಬೇಡಿ. ನೋಡಿಕೊಂಡವನನ್ನು ನೋಡಿಕೊಂಡದ್ದಕ್ಕಾಗಿ ಶಿಕ್ಷಿಸಬೇಡಿ. ಆ ಫೋಟೊವನ್ನು ಫಲಕದಿಂದ ಇಳಿಸಿ. ವಿಚಾರಣೆಯಲ್ಲಿ ‘ದಾಖಲೆ ಇಲ್ಲ’ ಎಂದು ಬರೆಸಿದ ಕಡೆ, ದಾಖಲೆ ಯಾಕಿಲ್ಲ ಎಂಬುದನ್ನೂ ಬರೆಸಿ.

ಆ ಆದೇಶ ಸೋಮವಾರದ ಒಳಗೆ ಬರದಿದ್ದರೆ ನಾನು ಡಿಪೋದ ಗೇಟಿನ ಹೊರಗೆ ನಿಂತಿರುತ್ತೇನೆ. ಭಾವನಿಗೆ ತಾವು ದಯಪಾಲಿಸಿದ ಪೆಟ್ಟಿಗೆ ನನ್ನ ಕೈಯಲ್ಲಿರುತ್ತದೆ. ಬೆರಳು ಚಾಚಿದ ಒಬ್ಬೊಬ್ಬ ಚಾಲಕನಿಗೂ ಹೊಸ ಸೂಜಿ. ಕಂಡಕ್ಟರಮ್ಮ ಡಬ್ಬಿಯ ತುಂಬ ಸಕ್ಕರೆ ತರುತ್ತೇನೆಂದಿದ್ದಾಳೆ. ಅಕ್ಕನೂ ಬರುತ್ತಾಳೆ, ಭಾವನನ್ನು ಕುರ್ಚಿ ಸಮೇತ ಕರೆದುಕೊಂಡು. ಡಿಪೋಗೆ ಹೋಗೋಣವೆಂದು ಹೇಳಿದ್ದೇವೆ. ಅಂದಿನಿಂದ ಅವನು ಸಮವಸ್ತ್ರ ಎಲ್ಲಿ ಎಂದು ಕೇಳುತ್ತಿದ್ದಾನೆ, ಅಕ್ಕ ಇಸ್ತ್ರಿ ಮಾಡಿಟ್ಟಿದ್ದಾಳೆ. ಬಸ್ಸುಗಳು ಹೊರಬರುವಾಗ ಅವನ ಬಲಗಾಲನ್ನು ಒಮ್ಮೆ ನೋಡಿ.

ನನ್ನ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟ. ನಾನು ತಮ್ಮ ನೌಕರನಲ್ಲ.

ಇಂತಿ,
ಬೇಕಿಲ್ಲದಾಗ ಸಾವಿರ ಸಲ ಬೆರಳು ಚುಚ್ಚಿಕೊಂಡ,
ತಮ್ಮ ಮಾದರಿ ಚಾಲಕನ ಭಾಮೈದ